‘ಬರ್ರಿ ಮನಿಗೆ’ ಅಂದ ದುಂಡೇಶ

ಇಂಡಿ ತಾಲೂಕಿನ ದೆವ್ವಗಳೆಲ್ಲ ನನ್ನನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತವೆ. ಎದುರಿಗೆ ಬರುವ ಧೈರ್ಯ ಒಂದಕ್ಕೂ ಇಲ್ಲ... ಸುಳ್ಳು. ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕಾದರೂ ನಾನು ಹೆಂಡತಿಯನ್ನು ಎಬ್ಬಿಸುವವ. ಆದರೆ ಈಗ ಹೇಳುವುದು ನನ್ನ ಮಾತಲ್ಲ, ನಮ್ಮ ಕಾಕಾನ ಮಗ ದುಂಡೇಶನದು. ಸುಳ್ಳು ಕಟ್ಟುವಷ್ಟು ಬುದ್ಧಿ ಅವನಿಗೆ ದೇವರು ಕೊಟ್ಟಿಲ್ಲ. ಅದಕ್ಕೇ ಇದು ಖರೇ.

ದುಂಡೇಶ ಅಗರಖೇಡದವ. ಹಳೇ ಪಿಕಪ್ ಇಟ್ಟುಕೊಂಡು ನಿಂಬೆಹಣ್ಣು ಹೇರುತ್ತಾನೆ. ಆ ಗಾಡಿಯ ಹಿಂದಿನ ಎಕ್ಸಲ್ ಬಹಳ ದಿನದಿಂದ ಅಳುತ್ತಿತ್ತು. ಬಲಗಾಲಿಯ ಕಡೆ ಗರ್ ಗರ್ ಗರ್... ಎಡಕ್ಕೆ ಹೊರಳಿಸಿದರೆ ಜೋರು, ಬಲಕ್ಕೆ ಹೊರಳಿಸಿದರೆ ಸಣ್ಣ. ಅಷ್ಟು ಸ್ಪಷ್ಟವಾಗಿ ಎಮ್ಮೆಯೂ ತನ್ನ ನೋವು ಹೇಳಿಕೊಳ್ಳುವುದಿಲ್ಲ. ಇಂಡಿಯ ಮಿಸ್ತ್ರಿ ಮುಕ್ತಾರ ಜ್ಯಾಕ್ ಹಚ್ಚಿ ಗಾಲಿ ಎತ್ತಿದ. ಮೇಲೆ ಕೆಳಗೆ ಹಿಡಿದು ಅಲುಗಿಸಿದ. ಲಟ್... ಲಟ್... ಗಾಲಿ ಹಾಲುಹಲ್ಲಿನಂತೆ ಆಡಿತು.

“ಬೇರಿಂಗ್ ಹೋಗೇತಿ. ಎಕ್ಸಲ್ಲೂ ಸವದೈತಿ. ಬಿಚ್ಚಿ ಹೊಸಾದ ಹಾಕೂಣು, ಇವತ್ತ ಲೋಡ್ ಹೇರಬ್ಯಾಡ” ಅಂದ ಮುಕ್ತಾರ. “ಒಂದ ಕಡಿ ಎಕ್ಸಲ್ ಮುರೀತಂದ್ರ ಮುಗೀತ ನೋಡ. ಇಂಜಿನ್ ಎಷ್ಟ ಒದರಿದ್ರೂ ಗಾಡಿ ಗೇಣ ಸರಿಯೂದಿಲ್ಲ.”

“ಅವೇನ್ ಕಿವಿ ಅದಾವೋ, ಕಡಬೋ?” ಅಂದ ದುಂಡೇಶ. “ನನ್ನ ಗಾಡಿ ಹಾಡತೈತಿ, ನಿನಗ ಅಳೂದು ಕೇಳತೈತಿ. ಇವತ್ತ ಸಿಂದಗಿಗೆ ಹೋಗಿ ಬರ್ತೇನಿ. ಗಾಡಿ ತನ್ನ ಕಾಲ ಮ್ಯಾಲ ಮನಿ ಮುಟ್ಟಲಿಲ್ಲಂದ್ರ, ನಿನ್ನ ಅಂಗಡಿ ಮುಂದ ಕುಂತ ಮೀಸಿ ಬೋಳಿಸ್ಕೋತೇನಿ!”

ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಆ ಮೀಸೆ ಒಂದು ಬಿಟ್ಟರೆ ದುಂಡೇಶನಿಗೆ ಊರಲ್ಲಿ ಬೇರೆ ಮರ್ಯಾದೆಯೇ ಇಲ್ಲ. ಹೆಂಡತಿ ಸುನೀತಾಳ ತಲೆಗಿಂತ ಹೆಚ್ಚು ಎಣ್ಣೆ ಆ ಮೀಸೆಗೆ ಬೀಳುತ್ತದೆ.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಹಿಂಡಿಚೀಲ ಹೇರಿಕೊಂಡು ಹೊರಟ. ಅಮಾಸಿ ಕತ್ತಲು. ಊರು ಇನ್ನೂ ಒಂದು ಹರದಾರಿ ಇತ್ತು. ಆಲದ ಮರ, ಅದರ ಬುಡಕ್ಕೆ ಹಾಳುಬಾವಿ... ಸರಿಯಾಗಿ ಅಲ್ಲಿ, ಖಟಾರ್!

ಇಂಜಿನ್ ನಡೆದೇ ಇತ್ತು. ಗೇರ್ ಹಾಕಿದ. ಎಕ್ಸಲರೇಟರ್ ಒತ್ತಿದ. ಭೊರ್ರ್... ಗಾಡಿ ನಿಂತಲ್ಲೇ. ಇನ್ನೊಮ್ಮೆ ಒತ್ತಿದ. ನಿಂತಲ್ಲೇ. ಇಳಿದು ಬಗ್ಗಿ ನೋಡಿದ, ಕತ್ತಲು ಬಿಟ್ಟು ಏನೂ ಕಾಣಲಿಲ್ಲ. ಊರಿಗೆ ನಡೆದು ಹೋಗಿ ಟ್ರ್ಯಾಕ್ಟರ್ ತರಬಹುದಿತ್ತು. ಆದರೆ ‘ತನ್ನ ಕಾಲ ಮ್ಯಾಲ’ ಅಂದಿದ್ದ ಮಹಾಶಯ. ಮೀಸೆ ಮುಟ್ಟಿಕೊಂಡ. ಬೆವರಿಗೆ ಒದ್ದೆಯಾಗಿತ್ತು.

ಆಗ ಬಾವಿಯ ಕಡೆಯಿಂದ... ಕಿರ್ರ್... ಕಿರ್ರ್... ರಾಟೆ ತಿರುಗಿದ ಸಪ್ಪಳ. ಆ ಬಾವಿಗೆ ರಾಟೆ ಇಲ್ಲ.

“ನಿಂತತೇನು?” ಪಿಸುದನಿ.

ಹಿಂದೆ ಒಬ್ಬ ಮುದುಕ. ಧೋತರ, ತಲೆಗೆ ಟಾವೆಲ್. ಮುಖ ಕಾಣಲಿಲ್ಲ.

“ಕಾಣಸವಲ್ದೇನು?” ಅಂದ ದುಂಡೇಶ.

“ನೂಕಲೇನು?”

“ಹಿಂಡಿ ಹೇರಿದ ಗಾಡಿ ನೀ ಒಬ್ಬವ ನೂಕಾವಾ? ಉಸರ ಹಿಡಕೊಂಡ ನಿಂದರಾಕ ಬರವಲ್ದು ನಿನಗ. ನಡಿ, ಮಕ್ಕೋ ಹೋಗ.”

ಮುದುಕ ಹೊರಳಿದ. ಒಣ ಎಲೆಯ ಮೇಲೆ ಚರ್... ಚರ್... ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆಯ ನಾಲಿಗೆ ನಿಮಗೆ ಗೊತ್ತಲ್ಲ. ಬೈದು ಕಳಿಸಿದವನಿಗೂ ಕೊನೆಗೊಂದು ಮಾತು ತಾನಾಗಿಯೇ ಉದುರುತ್ತದೆ.

“ಹಂಗಾರ ಬರ್ರಿ ಮನಿಗೆ. ಚಾ ಕುಡದ ಹೋಗೀರಂತ.”

ಇದರರ್ಥ ‘ನಡಿ ಇಲ್ಲಿಂದ’ ಎಂದು ಬದುಕಿರುವ ಎಲ್ಲರಿಗೂ ಗೊತ್ತು. ಕರೆದರೆಂದು ಯಾರೂ ಹೋಗುವುದಿಲ್ಲ. ಸತ್ತವರಿಗೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು?

ಎಲೆಯ ಸಪ್ಪಳ ನಿಂತಿತು. ಆಮೇಲೆ ಕಿವಿಯ ಹತ್ತಿರವೇ...

“ಬರ್ತೇನಿ.”

ನಾವು ಹೋಗುವಾಗಲೂ ಹಾಗೇ ಅನ್ನುವವರಲ್ಲವೇ? ದುಂಡೇಶ, ಪೀಡೆ ತೊಲಗಿತು ಎಂದುಕೊಂಡು ಗಾಡಿ ಹತ್ತಿದ. ಗೇರ್ ಹಾಕಿದ.

ಗಾಡಿ ಸರಿಯಿತು.

ಗರ್ ಗರ್ ಇಲ್ಲ. ಎಣ್ಣೆಯ ಮೇಲೆ ಹೋದಂತೆ ಹೋಯಿತು. ಹಿಂದೆ ಮಾತ್ರ ಹ್ಞಾ... ಹ್ಞಾ... ಎಂದು ಭಾರ ಹೊತ್ತವನ ಉಸಿರು. ಕನ್ನಡಿಯಲ್ಲಿ ಯಾರೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಈ ಕತ್ತೆ ಮೀಸೆ ತಿರುವಿದ. “ನೋಡಿದ್ಯಾ ಮುಕ್ತಾರ್‍ಯಾ!”

ಬೆಳಿಗ್ಗೆ ಫೋನ್ ಮಾಡಿ ಮುಕ್ತಾರನನ್ನು ಕರೆಸಿದ, ಹೀಯಾಳಿಸಲಿಕ್ಕೆ. ಮುಕ್ತಾರ ಗಾಡಿ ಚಾಲೂ ಮಾಡಿ ಗೇರ್ ಹಾಕಿದ. ಭೊರ್ರ್... ಗೇಣೂ ಸರಿಯಲಿಲ್ಲ. ಗಾಲಿ ಬಿಚ್ಚಿ ಎಕ್ಸಲ್ ಎಳೆದ. ಅರ್ಧವೇ ಕೈಗೆ ಬಂತು.

“ಇದು ಎಲ್ಲಿ ಮುರೀತು?”

“ಆಲದ ಮರದ ಹತ್ರ ಸಪ್ಪಳಾತು...”

“ಅಲ್ಲಿಂದ ಹೆಂಗ ಬಂದಿ?”

ಸುನೀತಾ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದಳು. “ರಾತ್ರಿ ನಿಮ್ಮ ಸಂಗಾಟ ಬಂದ ಹಿರ್‍ಯಾರು ಎಲ್ಲಿ ಹೋದ್ರು? ಕಟ್ಟಿ ಮ್ಯಾಲ ಕುಂತಿದ್ರಲ್ಲ... ಚಾ ಮಾಡ್ಲೇನ್ರಿ ಅಂದ್ನಿ, ಸುಮ್ನ ನಕ್ಕರು.”

ಅವತ್ತೇ ದುಂಡೇಶ ಇಂಡಿಗೆ ಹೋದ. ಯಾರೂ ಕೇಳಿರಲಿಲ್ಲ. ಮುಕ್ತಾರನ ಅಂಗಡಿ ಮುಂದೆ ಕುಂತು ಮೀಸೆ ಬೋಳಿಸಿಕೊಂಡ. ಈಗ ಅವನ ಮುಖ ಸುಲಿದ ಗೆಣಸು.

ಹೊಸ ಎಕ್ಸಲ್ ಬಿತ್ತು, ಹೊಸ ಬೇರಿಂಗ್ ಬಿತ್ತು. ಸುನೀತಾ ಇವತ್ತಿಗೂ ರಾತ್ರಿ ಕಟ್ಟೆಯ ಮೇಲೆ ಒಂದು ಕಪ್ ಚಹಾ ಇಡುತ್ತಾಳೆ, ಕುಡಿದು ಹೋಗಲಿ ಎಂದು. ಬೆಳಿಗ್ಗೆ ಕಪ್ ತುಂಬಿಯೇ ಇರುತ್ತದೆ. ಮತ್ತೆ... ಬಿಸಿಯಾಗಿಯೇ ಇರುತ್ತದೆ.

ನಾನೇ ಮುಟ್ಟಿ ನೋಡಿದ್ದೇನೆ. ಬೆರಳು ಸುಟ್ಟಿತು. ನನ್ನ ಮೇಲೆ ಆಣೆ... ಬೇಡ, ದುಂಡೇಶನ ಮೇಲೆ ಆಣೆ, ಖರೇ. ಯಾಕ್ರಿ ಹಂಗ ನೋಡತೀರಿ? ನಿಮ್ಮ ಚಾ ಆರೇತಿ, ಕುಡೀರಿ. ನನ್ನ ಚಾದ ರೊಕ್ಕಾನೂ ನೀವ ಕೊಟ್ಟಬಿಡ್ರಿ.