ಎಡಗೈಲೆ ಹೆಣೆದ ತೋರಣ

ಧಾರವಾಡ ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದ ಗೌರಕ್ಕನಿಗೆ ಮಂದಿ ಮಾತಿಗೆ ಕಿವಿಗೊಡುವ ಚಟವೇನೂ ಇರಲಿಲ್ಲ. ಆದರೆ ಅದೇ ಬಾಕಿನ ಮೇಲೆ ನಾದಿನಿಯ ಜೊತೆ ಕೂತಿದ್ದ ಮಂದಾಕಿನಿಬಾಯಿಯ ಸಿಟ್ಟು ಇಡೀ ಸ್ಟೇಶನ್ನಿಗೇ ಕೇಳುವಂತಿತ್ತು.

“ನಮ್ಮ ಎದುರುಮನಿ ಗೋದಾಬಾಯಿ, ರಜನಿಗೆ ಕ್ರೋಶಾ ಹೆಣಿಕಿ ಕಲಿಸೂದಿಲ್ಲ ಅಂದ್ಲು ನೋಡು!”

“ಯಾಕಂತ್ರಿ ವೈನಿ? ಸಪ್ತಾಪುರದಾಗ ಅದನ್ನ ಬಲ್ಲಾಕಿ ಆಕಿ ಒಬ್ಬಾಕಿನ ಅಲ್ಲೇನ್ರಿ?”

“ಅದಕ್ಕ ಅಷ್ಟು ಸೊಕ್ಕು! ನನ್ನ ಮಗಳು ಎಡಗೈಲೆ ಸೂಜಿ ಹಿಡೀತಾಳ. ಎಡಗೈಲೆ ಹೆಣದ ತೋರಣ ದೇವರಮನಿ ಬಾಗಲಕ್ಕ ಕಟ್ಟಬಾರದಂತ!”

“ಬಲಗೈ ರೂಢಿ ಮಾಡಸಬೇಕಿತ್ತಲ್ರಿ.”

“ಮಾಡಸ್ತೀನಂತ ಮದಲ ಗೋದಾಬಾಯಿ ಅಳತಿಪಟ್ಟಿಲೆ ಹೊಡದ್ಲು. ಕೂಸಿನ ಬೆರಳು ಬಾತಿದ್ವು!”

“ಅಯ್ಯ! ಹಂಗಾರ ರಜನಿ ಕಲಿಯೂದ ಬಿಟ್ಟಬಿಟ್ಲೇನು?”

“ಯಾಕ ಬಿಡ್ತಾಳ? ಗೋದಾಬಾಯಿ ದಿನಾ ಮಧ್ಯಾಹ್ನ ತನ್ನ ಕಟ್ಟಿ ಮ್ಯಾಲೆ ಕೂತು ಹೆಣೀತಾಳ. ರಜನಿ ನಮ್ಮ ಕಟ್ಟಿ ಮ್ಯಾಲೆ ಎದುರಿಗೇ ಕೂತು ನೋಡಿ ನೋಡಿ ಕಲತ್ಲು. ಕನ್ನಡ್ಯಾಗಿನಂಗ, ಆಕಿ ಬಲಗೈ ಇಕಿಗೆ ಎಡಗೈ ಆತು. ಎರಡು ತಿಂಗಳಿನ್ಯಾಗ ತೋರಣ ಮುಗೀತು, ದೇವರಮನಿಗೇ ಕಟ್ಟೀನಿ!”

“ಗೋದಾಬಾಯಿ ನೋಡಿದ್ಲೇನ್ರಿ?”

“ನಿನ್ನಿ ಅರಿಷಿಣ-ಕುಂಕುಮಕ್ಕ ಬಂದಾಗ ನೋಡಿದ್ಲು. ಬಾಯಿ ತುಂಬ ಹೊಗಳಿ, ‘ಇಷ್ಟು ಛಲೋ ಕಲಿಸಿದವರು ಯಾರ್ರಿ?’ ಅಂತ ಕೇಳಿದ್ಲು.”

ಗಾಡಿ ಬಂತು. ಇಬ್ಬರೂ ಗಂಟು ಎತ್ತಿಕೊಂಡು ಹೆಂಗಸರ ಡಬ್ಬಿಯ ಕಡೆ ಧಾವಿಸಿದರು. ತಾನೂ ಅದೇ ಗಾಡಿ ಹತ್ತಬೇಕೆಂಬುದನ್ನು ಮರೆತು ಗೌರಕ್ಕ ಕೂತಲ್ಲೇ ಕಿವಿ ಚಾಚಿದಳು.

“ನೀವೇನಂದ್ರಿ ವೈನಿ?”

“‘ನೀವ ಕಲಿಸೀರಲ್ರಿ’ ಅಂದೆ. ಕುಂಕುಮಾ ಸುದ್ದಾ ಹಚ್ಚಿಕೊಳ್ಳದ ಎದ್ದು ಹೋದ್ಲು!”