ತೊಟ್ಟಿಯಿಂದ ಮಗುವನ್ನು ಎತ್ತಿಕೊಂಡವಳು

ಹಲೋ... ಹಾಂ, ಹಲೋ? ಯಾರು ಮಾತಾಡ್ತಿರೋದು? ... ಸ್ವಲ್ಪ ಜೋರಾಗಿ ಹೇಳಿ, ಏನೂ ಕೇಳಿಸ್ತಿಲ್ಲ. ಯಾರು ಬೇಕಿತ್ತು?

... ಹೌದು, ಶ್ಮೂನಿನೇ ಮಾತಾಡ್ತಿರೋದು. ನೀವ್ಯಾರು?

... ಅಯ್ಯೋ, ನಿಸಾನೆ! ನೀನೇನೇ? ನಂಬರ್ ಬೇರೆ ಬಂತಲ್ಲ, ಗೊತ್ತಾಗಲಿಲ್ಲ ಕಣೇ. ಯಾರ ಫೋನಿದು? ... ಓ, ಫೆಬ್ರೋನ್ಯಳದ್ದಾ. ಮಗಳ ಫೋನ್ ಕಿತ್ಕೊಂಡು ಮಾಡ್ತಿದೀಯಾ? ಇಪ್ಪತ್ತಾರು ವರ್ಷದಿಂದ ಸ್ವೀಡನ್ನಿನಲ್ಲಿದ್ದರೂ ನಿನ್ನ ಬುದ್ಧಿ ಮಾತ್ರ ನಮ್ಮೂರು ಮಿದ್ಯಾತ್ ಬಿಟ್ಟು ಆಚೆ ಹೋಗಿಲ್ಲ ನೋಡು.

... ಇಲ್ಲ, ಮಲಗಿರಲಿಲ್ಲ. ಈಗಷ್ಟೇ ಚರ್ಚಿನಿಂದ ಬಂದೆ. ಇವತ್ತು ಉಪವಾಸಕಾಲ ಶುರುವಾಗೋ ಕ್ಷಮೆಯ ಸೋಮವಾರ ಅಲ್ವಾ. ನಲವತ್ತು ಸಲ ಮಂಡಿಯೂರಿ ಹಣೆ ನೆಲಕ್ಕೆ ತಾಗಿಸೋದು ಅಂದರೆ ಈ ವಯಸ್ಸಿಗೆ ಹುಡುಗಾಟವಾ? ಮೂವತ್ತಕ್ಕೇ ನನ್ನ ಮಂಡಿ ಕೈ ಕೊಡ್ತು. ಮಿಕ್ಕ ಹತ್ತು ಬೆಂಚಿನ ಮೇಲೆ ಕೂತೇ ಬಗ್ಗಿದೆ. ದೇವರಿಗೆ ನನ್ನ ಮಂಡಿ ಕಥೆ ಗೊತ್ತು ಬಿಡು.

... ಎಷ್ಟು ಜನ ಇದ್ರು ಅಂತೀಯಾ? ಊರಲ್ಲಿ ನಮ್ಮವರ ಮನೆ ಉಳಿದಿರೋದೇ ಹನ್ನೊಂದು. ಒಬ್ಬರಿಗೊಬ್ಬರು ಬಗ್ಗಿ "ಕ್ಷಮಿಸು, ಕ್ಷಮಿಸು" ಅಂದು ಮುಗಿಸೋಕೆ ಕಾಲು ಗಂಟೆ ಸಾಕು. ನೀನಿದ್ದ ಕಾಲದಲ್ಲಿ ಹೊತ್ತು ಮುಳುಗೋದು, ಸಾಲು ಕರಗ್ತಿರಲಿಲ್ಲ. ನೆನಪಿದೆಯಾ?

... ಆ ಸದ್ದಾ? ಮಲ್ಕೆ ಕಣೇ. ಗೋಡೆಯಾಚೆ ಕೂತು ಚರ್ಚಿನ ಬಾಗಿಲುವಾಡಕ್ಕೆ ಕಲ್ಲು ಕೆತ್ತುತ್ತಾ ಇದಾನೆ. ಅವರಮ್ಮ ರಿಹಾನೆ ತೀರಿಹೋದ ಮೇಲೆ ಒಬ್ಬನೇ ಅಲ್ವಾ. ಅಮ್ಮ ಇದ್ದಿದ್ದರೆ ಊಟಕ್ಕಾದರೂ ಎಬ್ಬಿಸೋಳು. ಈಗ ಬೆಳಗಿಂದ ಸಾಯಂಕಾಲದ ತನಕ ಟಕ್ ಟಕ್ ಟಕ್. ... ಚೆನ್ನಾಗಿದಾನೆ. ಅವನಿಗೇನಾಗಿದೆ? ... ಇಲ್ಲಪ್ಪ, ನಾನೇನೂ ಕೇಳಕ್ಕೆ ಹೋಗಲಿಲ್ಲ. ಆ ವಿಷಯ ಈಗ್ಯಾಕೆ?

... ಹಾಂ, ಇವತ್ತೂ ಸಿಕ್ಕಿದ್ದ. ನಾನು ಹೋಗೋಕೆ ಮುಂಚೆ ಅವನೇ ನನ್ನ ಮುಂದೆ ಬಂದು ಬಗ್ಗಿ, "ಶ್ಮೂನತ್ತೆ, ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಅಂದ. ನಾನೂ ಅಂದೆ. ಬಾಯಲ್ಲಿ ಅಂದೆ.

... ಏನಿಲ್ಲ ಬಿಡು. ನಿಮ್ಮನೆಯವರು ಹೇಗಿದಾರೆ? ಸಲೀಬಣ್ಣನ ಸಕ್ಕರೆ ಕಾಯಿಲೆ? ... ಅಂಥದ್ದರಲ್ಲೂ ಉಪವಾಸ ಹಿಡಿದರಾ? ಹಟಮಾರಿ ಮನುಷ್ಯ. ಬೇಯಿಸಿದ ಕಡಲೆ ಕೊಡು, ಗೋಧಿನುಚ್ಚು ಕೊಡು. ದ್ರಾಕ್ಷಿ ಪಾಕದ ಹತ್ರ ಸುಳಿಯೋಕೆ ಬಿಡಬೇಡ. ... ಅಲ್ಲಿ ಚರ್ಚ್ ತುಂಬಿತ್ತಾ? ... ಹೊರಗೆ ಹಿಮದಲ್ಲಿ ನಿಂತಿದ್ರಾ! ನೋಡು ಅನ್ಯಾಯನ. ಇಲ್ಲಿ ಜಾಗ ಇದೆ, ಜನ ಇಲ್ಲ. ಅಲ್ಲಿ ಜನ ಇದಾರೆ, ನಿಲ್ಲೋಕೆ ಜಾಗ ಇಲ್ಲ.

... ಏನು, ಟಿಕೆಟ್ ಮಾಡಿಸಿಬಿಟ್ರಾ? ಯಾವತ್ತಿಗೆ? ... ಈಸ್ಟರ್ ಆದ ಮುಂದಿನ ಭಾನುವಾರ ನಿಶ್ಚಿತಾರ್ಥ. ಹಾಂ. ... ಇಲ್ಲ ಇಲ್ಲ, ಸಂತೋಷನೇ. ಯಾಕಿಲ್ಲ? ಬರ್ಸೌಮ ಕೆಳಗೆ ಅಂಗಡಿಯಲ್ಲಿದಾನೆ. ನಿನ್ನ ಮಗಳಿಗೆ ಅಂತ ಬೆಳ್ಳಿ ತಂತಿ ಎಳೆದು ಡಾಬು ಹೆಣೀತಿದಾನೆ. ತಿಂಗಳಾಯ್ತು. ಊಟಕ್ಕೆ ಕರೆದರೆ "ಇನ್ನೊಂದು ಹೂವು ಅಮ್ಮ, ಇನ್ನೊಂದೇ ಹೂವು" ಅಂತಾನೆ. ಮೂವತ್ತೊಂದು ವರ್ಷದಲ್ಲಿ ನನ್ನ ಮಗ ಹಾಡು ಗುನುಗೋದನ್ನ ಈಗ ಕೇಳ್ತಿದೀನಿ ಕಣೇ.

... ಫೆಬ್ರೋನ್ಯ ಏನಂತಾಳೆ? ... ಒಪ್ಪಿದಳು, ಅದು ಸರಿ. ಖುಷಿಯಾಗಿದಾಳಾ ಅಂತ ನಾನು ಕೇಳಿದ್ದು. ... "ನೀನು ಹೇಳಿದ ಮೇಲೆ ಆಯ್ತಮ್ಮ" ಅಂದಳಾ. ... ಇನ್ನೂ ಅಳ್ತಾಳಾ? ... ಯಾವುದು, ಮಲ್ಕೆ ಕೆತ್ತಿ ಕೊಟ್ಟ ಕಲ್ಲಿನ ಹಕ್ಕಿನಾ? ಇನ್ನೂ ಕಿಟಕಿಯಲ್ಲೇ ಇಟ್ಟಿದಾಳಾ? ... ಹೂಂ.

... ಏನಂದೆ? ಕ್ಷಮೆ ಕೇಳೋಕೆ ಫೋನ್ ಮಾಡಿದ್ಯಾ? ನನ್ನ ಹತ್ರ? ಹೋಗೇ ಸಾಕು. ನೀನು ನನಗೇನು ಮಾಡಿದೀಯ? ನನ್ನ ಕೆಂಪು ಶಾಲು ಪೆಟ್ಟಿಗೇಲಿ ತುರುಕಿಕೊಂಡು ವಿಮಾನ ಹತ್ತಿದ್ದಾ? ಅದನ್ನ ಯಾವತ್ತೋ ಮಾಫಿ ಮಾಡಿದೀನಿ.

... ಆಯ್ತು, ತಮಾಷೆ ಮಾಡಲ್ಲ. ಹೇಳು.

... ಹಾಂ.

... ಹಾಂ, ಕೇಳ್ತಿದೀನಿ ಅಂದೆನಲ್ಲ.

... ನನ್ನ ಮೇಲೆ ಅನುಮಾನ ಪಟ್ಟೆಯಾ? ಯಾವ ವಿಷಯಕ್ಕೆ? ... ಮಲ್ಕೆ ಮದುವೆಗೆ ನಿನ್ನ ಮಗಳನ್ನ ಕೇಳಿದಾಗ. ... ಹೌದು, ಫೋನ್ ಮಾಡಿದ್ದೆ ನೀನು. "ಜ್ಞಾನಸ್ನಾನದ ದಿನ ನನ್ನ ಮಗಳನ್ನ ತೊಟ್ಟಿಯಿಂದ ಎತ್ತಿಕೊಂಡಿದ್ದು ಯಾರು, ನೀನೋ ರಿಹಾನೆನೋ" ಅಂತ ಕೇಳಿದ್ದೆ. ... ಹೂಂ. ರಿಹಾನೆ ಅಂತ ಹೇಳಿದ್ದೆ.

... ಮಗನಿಗೋಸ್ಕರ ಶ್ಮೂನಿ ಸುಳ್ಳು ಹೇಳ್ತಿರಬಹುದು ಅಂತ ನಿನಗನ್ನಿಸ್ತು. ... ಸಲೀಬಣ್ಣನ ಹತ್ರಾನೂ ಹೇಳಿದ್ಯಾ? ... ಅವರು ನಿನಗೇ ಬೈದ್ರಾ? "ಅವಳು ಉಪ್ಪು ತಿಂದ ಮನೆಗೆ ಎರಡು ಬಗೆಯೋಳಲ್ಲ" ಅಂದ್ರಾ. ... ಆಮೇಲೆ ನಿನಗೆ ನಾಚಿಕೆ ಆಯ್ತು. ... ಬೇಡ ನಿಸಾನೆ. "ಒಡಹುಟ್ಟಿದವಳಿಗಿಂತ ಹೆಚ್ಚು" ಅಂತೆಲ್ಲ ಅನ್ನಬೇಡ. ದಮ್ಮಯ್ಯ, ಅನ್ನಬೇಡ.

... ಅಳಬೇಡ್ವೇ. ನೀನ್ಯಾಕೆ ಅಳ್ತೀಯ?

... ಕ್ಷಮಿಸಿದೆ ಅಂತ ಹೇಳಬೇಕಾ? ನಾನು? ... ಇರು. ಒಂದು ನಿಮಿಷ ಇರು. ಬಾಗಿಲು ಮುಚ್ಚಿ ಬರ್ತೀನಿ, ಕೆಳಗೆ ಬರ್ಸೌಮನಿಗೆ ಕೇಳಿಸುತ್ತೆ.

... ಹಾಂ, ಬಂದೆ. ನಿನ್ನ ಪಕ್ಕ ಯಾರಿದಾರೆ? ... ಫೆಬ್ರೋನ್ಯಾನಾ? ಸ್ಪೀಕರ್ ಹಾಕಿದೀಯಾ? ... ತೆಗೀಬೇಡ, ಇರಲಿ. ಅವಳೂ ಕೇಳಲಿ.

... ನಿಸಾನೆ, ನಿನ್ನ ಅನುಮಾನ ಸರಿಯಾಗಿತ್ತು.

... ಹೌದು. ... ಹೌದು ಅಂದೆನಲ್ಲೇ, ಎಷ್ಟು ಸಲ ಹೇಳಿಸ್ತೀಯ? ಸುಳ್ಳು ಹೇಳಿದೆ. ಎತ್ತಿಕೊಂಡಿದ್ದು ರಿಹಾನೆ ಅಲ್ಲ, ನಾನು. ನಿನ್ನ ಮಗಳಿಗೆ ಜ್ಞಾನತಾಯಿ ನಾನು.

... ಇದೀಯಾ? ನಿಸಾನೆ?

... ಹೇಳ್ತೀನಿ, ಒಂದೂ ಮುಚ್ಚಿಡಲ್ಲ. ಹೆತ್ತ ಮೇಲೆ ರಕ್ತ ನಿಲ್ಲದೆ ನಿನ್ನನ್ನ ಮಾರ್ದಿನ್ ಆಸ್ಪತ್ರೆಗೆ ಹೊತ್ಕೊಂಡು ಹೋದರಲ್ಲ, ಆ ದಿನ. ಏಳು ತಿಂಗಳಿಗೆ ಹುಟ್ಟಿದ ಕೂಸು. ಉಸಿರು ಇದೆಯೋ ಇಲ್ವೋ ಅಂತ ನಾವು ಮೂಗಿನ ಹತ್ರ ಬೆರಳಿಟ್ಟು ನೋಡ್ತಿದ್ವಿ. "ಜ್ಞಾನಸ್ನಾನ ಇಲ್ಲದೆ ಹೋಗಿಬಿಟ್ಟರೆ ದೇವರಿಗೆ ಏನು ಉತ್ತರ ಕೊಡ್ಲಿ" ಅಂತ ನಿಮ್ಮತ್ತೆ ಮಗೂನ ಎದೆಗೆ ಅವುಚಿಕೊಂಡು ಚರ್ಚಿಗೆ ಓಡಿದ್ರು. ಹಿಂದೆ ನಾನು, ರಿಹಾನೆ. ತೊಟ್ಟಿ ನೀರು ಮಂಜುಗಡ್ಡೆ ಥರ ಕೊರೀತಿತ್ತು. ರಿಹಾನೆ ಬರಿಗಾಲಲ್ಲಿ ಮನೆಗೆ ಓಡಿ, ಕುದಿಯೋ ನೀರಿನ ಪಾತ್ರೆ ಹಾಗೇ ಹಿಡ್ಕೊಂಡು ಬಂದಳು. ಕೈ ಸುಟ್ಟುಕೊಂಡಳು. ಅವಳು ಮಾಡಿದ್ದು ಅದು. ಆ ಬಿಸಿನೀರು ಇರದಿದ್ದರೆ ನಿನ್ನ ಮಗಳು ಉಳೀತಿರಲಿಲ್ಲ. ಆಮೇಲೆ ಪಾದ್ರಿ ಅಬೂನ ಅವರು ಮಗೂನ ನೀರಿಂದ ಮೇಲೆತ್ತಿ, "ಯಾರು ತೊಗೊಳ್ತೀರಿ" ಅಂದ್ರು. ನಿಮ್ಮತ್ತೆ ಮಂಡಿಯೂರಿ ಪ್ರಾರ್ಥನೆ ಮಾಡ್ತಾ ಇದ್ರು. ನಾನು ಬಿಳಿ ಬಟ್ಟೆ ಹಿಡಿದು ಕೈ ಚಾಚಿದೆ.

... ಯಾಕೆ ಹೇಳಲಿಲ್ಲ ಅಂದರೆ, ನಿಮ್ಮತ್ತೆ ನಮ್ಮಿಬ್ಬರ ಹತ್ರ ಆಣೆ ಹಾಕಿಸಿದ್ರು. ನಿಮ್ಮ ಮನೆ ಮಕ್ಕಳನ್ನ ಎತ್ತಿಕೊಳ್ಳೋ ಹಕ್ಕು ಬೆಟ್ಟದಾಚೆ ಊರಿನ ಮನೆಯವರದ್ದು ಅಲ್ವಾ, ತಲೆತಲಾಂತರದಿಂದ. ಹೊರಗಿನೋರು ಎತ್ತಿಕೊಂಡರು ಅಂತ ಗೊತ್ತಾದರೆ ಅವರು ನಿಮ್ಮ ಮನೆ ಹೊಸಲು ತುಳೀತಿರಲಿಲ್ಲ. "ಅಜ್ಜಿಯಾಗಿ ನಾನೇ ಎತ್ತಿಕೊಂಡೆ ಅಂತ ಹೇಳ್ತೀನಿ, ನೀವು ಬಾಯಿ ಬಿಡಬೇಡಿ" ಅಂದ್ರು. ಬಿಡಲಿಲ್ಲ. ವರ್ಷ ತುಂಬೋದರೊಳಗೆ ನೀವು ಸ್ವೀಡನ್ ಸೇರಿದ್ರಿ. ... ಹೂಂ, ನಿಮ್ಮತ್ತೆ ಸಾಯೋ ಮುಂಚೆ ನಿನ್ನ ಹತ್ರ ನಿಜ ಹೇಳಿದ್ರು. ಆದರೆ ಇಬ್ಬರಲ್ಲಿ ಯಾರು ಅನ್ನೋದು ಮರೆತುಹೋಗಿದೆ ಅಂದ್ರಲ್ಲ. ಆ ಅಬೂನ ಅವರೂ ಇಲ್ಲ, ರಿಹಾನೆನೂ ಇಲ್ಲ. ಉಳಿದವಳು ನಾನೊಬ್ಬಳು.

... ಯಾಕೆ ಅಂತ ನನ್ನ ಕೇಳ್ತೀಯಾ? ಗೊತ್ತಿಲ್ವಾ ನಿನಗೆ? ಎತ್ತಿಕೊಂಡವಳ ಮಗ, ಎತ್ತಿಕೊಂಡ ಮಗು, ಚರ್ಚಿನ ಲೆಕ್ಕದಲ್ಲಿ ಇಬ್ಬರೂ ಅಣ್ಣ ತಂಗಿ. ಯಾವ ಅಬೂನನೂ ಅವರ ತಲೆ ಮೇಲೆ ಮದುವೆ ಕಿರೀಟ ಇಡಲ್ಲ. ನಾನು ಅಂದಿದ್ದರೆ ಬರ್ಸೌಮನಿಗೆ ಬಾಗಿಲು ಮುಚ್ಚಿಹೋಗ್ತಿತ್ತು. ರಿಹಾನೆ ಅಂದೆ, ಮಲ್ಕೆಗೆ ಮುಚ್ಚಿತು. "ಯಾರು" ಅಂತ ನೀನು ಕೇಳಿದಾಗ ನನ್ನ ನಾಲಿಗೆ ಒಂದು ಗಳಿಗೆನೂ ತಡವರಿಸಲಿಲ್ಲ ಕಣೇ. ಸತ್ತವಳು ಎದ್ದು ಬಂದು ಇಲ್ಲ ಅಂತಾಳಾ ಅನ್ನೋ ಧೈರ್ಯ.

... ಊರಲ್ಲಿ ಹುಡುಗಿ ಇಲ್ಲ ನಿಸಾನೆ. ಮದುವೆ ವಯಸ್ಸಿನೋಳು ಅಂತ ಒಬ್ಬಳೂ ಇಲ್ಲ. ಎಲ್ಲ ಜರ್ಮನಿ, ಎಲ್ಲ ಸ್ವೀಡನ್. ನನ್ನ ಮಗ ಒಂಟಿಯಾಗಿ ಮುದುಕ ಆಗ್ತಾನಲ್ಲ ಅಂತ... ಗೊತ್ತು, ಮಲ್ಕೆನೂ ಒಂಟಿನೇ. ನಿನ್ನ ಮಗಳು ಅವನನ್ನೇ ಮೆಚ್ಚಿದಾಳೆ ಅನ್ನೋದೂ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ನೀವು ಬಂದಿದ್ದಾಗ ಇಬ್ಬರೂ ಮಾಳಿಗೆ ಮೇಲೆ ಕೂತು ನಗ್ತಿದ್ದರು. ನೋಡಿ ನನ್ನ ಹೊಟ್ಟೆ ಉರೀತು. ಇದ್ದಿದ್ದು ಇದ್ದ ಹಾಗೆ ಹೇಳ್ತಿದೀನಿ.

... ಹೌದು, ಗೊತ್ತಿದ್ದೂ ಅಣ್ಣ ತಂಗಿಗೆ ಮದುವೆ ಮಾಡಿಸೋಕೆ ಹೊರಟಿದ್ದೆ. ಆಮೇಲೆ ಏನು ಮಾಡ್ತಿದ್ದೆ ಅಂತ ನನಗೂ ಗೊತ್ತಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಲೇ ದಿನ ದೂಡಿದೆ. ಈಗ ನೀನು ಫೋನ್ ಮಾಡಿ ನನ್ನ ಹತ್ರ ಕ್ಷಮೆ ಕೇಳ್ತೀಯ! ನೀನು, ನನ್ನ ಹತ್ರ!

... ಏನಂದೆ? ... ಬೇಡ. ನನ್ನನ್ನ "ನೀವು" ಅನ್ನಬೇಡ. ಬೈಯೇ. ಮನೆಹಾಳಿ ಅನ್ನು, ಮುದಿ ಗೂಬೆ ಅನ್ನು, ಬಾಯಿಗೆ ಬಂದಿದ್ದು ಅನ್ನು. ಹುಟ್ಟಿದಾಗಿಂದ ಒಂದು ಸಲನೂ ನೀನು ನನ್ನ ನೀವು ಅಂದಿಲ್ಲ. ... ನಿಸಾನೆ, ಬ್ಯಾಂಕಿನೋರ ಹತ್ರ ಮಾತಾಡೋ ಹಾಗೆ ಮಾತಾಡಬೇಡ್ವೇ.

... ಹಲೋ? ... ಯಾರು, ಫೆಬ್ರೋನ್ಯಾನಾ? ಅಮ್ಮ ಎಲ್ಲಿ? ... ಎದ್ದು ಹೋದಳಾ. ... ಹೂಂ ಮಗಳೇ. ಏನು ಬೇಕಾದರೂ ಅನ್ನು, ಕೇಳಿಸ್ಕೋತೀನಿ.

... ಇಲ್ಲ, ಮಲ್ಕೆಗೆ ಗೊತ್ತಿಲ್ಲ. ಅವನಿಗೂ ಹೇಳಿದ್ದು ಅದೇ ಸುಳ್ಳು. "ಇಷ್ಟು ದೊಡ್ಡ ವಿಷಯ ನನ್ನ ಹತ್ರ ಯಾಕಮ್ಮ ಮುಚ್ಚಿಟ್ಟೆ" ಅಂತ ಸಮಾಧಿ ಹತ್ರ ಕೂತು ಕೇಳ್ತಿದ್ದನಂತೆ. ... ಹೌದು ಮಗಳೇ, ನಾನು ಮಾಡಿದ್ದು ಪಾಪನೇ. ... ಈಗಲೇನಾ? ನೀನೇ ಅವನಿಗೆ ಫೋನ್ ಮಾಡಿ ಹೇಳಿಬಿಡಬಹುದಲ್ಲ... ನನ್ನ ಬಾಯಿಂದಲೇ ಹೇಳಬೇಕು. ನೀನು ಕೇಳಿಸ್ಕೋಬೇಕು. ... ಆಯ್ತು. ನ್ಯಾಯವೇ. ಇಡಬೇಡ, ಹೋಗ್ತಿದೀನಿ.

... ಮೆಟ್ಟಿಲು ಇಳೀತಿದೀನಿ, ತಡಿ. ... ಏನಿಲ್ಲ ಬರ್ಸೌಮ, ಪಕ್ಕದ ಮನೆಗೆ ಹೋಗಿ ಬರ್ತೀನಿ ಕಣಪ್ಪ, ನೀನು ಕೆಲಸ ಮಾಡ್ಕೋ. ... ಹೂಂ, ಚೆನ್ನಾಗಿ ಬಂದಿದೆ. ತುಂಬ ಚೆನ್ನಾಗಿ ಬಂದಿದೆ. ... ಇಲ್ಲ ಫೆಬ್ರೋನ್ಯಾ, ಅವನಿಗೇನೂ ಗೊತ್ತಿಲ್ಲ. ಅವನದ್ದೇನೂ ತಪ್ಪಿಲ್ಲ. ನನ್ನ ಎಷ್ಟಾದರೂ ಬೈಯಿ, ಅವನನ್ನ ಬೈಬೇಡ.

... ಮಲ್ಕೆ! ಮಲ್ಕೆ, ಆ ಉಳಿ ಕೆಳಗಿಡಪ್ಪ. ... ಬೇಡ, ನೀರು ಬೇಡ. ಕೂರಲ್ಲ, ನಿಂತೇ ಹೇಳ್ತೀನಿ. ಈ ಫೋನಲ್ಲಿ ಫೆಬ್ರೋನ್ಯ ಇದಾಳೆ, ಕೇಳ್ತಿದಾಳೆ. ಆವತ್ತು ಅವಳನ್ನ ತೊಟ್ಟಿಯಿಂದ ಎತ್ತಿಕೊಂಡಿದ್ದು ನಿಮ್ಮಮ್ಮ ಅಲ್ಲ. ನಾನು. ನಿಮ್ಮಮ್ಮ ಕುದಿಯೋ ನೀರು ತಂದು ಕೈ ಸುಟ್ಟುಕೊಂಡಳು, ಅಷ್ಟೇ. ನೀನೂ ಅವಳೂ ಅಣ್ಣ ತಂಗಿ ಅಲ್ಲ. ನನ್ನ ಮಗನಿಗೋಸ್ಕರ ಸತ್ತ ನಿಮ್ಮಮ್ಮನ ಹೆಸರಲ್ಲಿ ಸುಳ್ಳು ಹೇಳಿದೆ. ... ಹಾಗೆ ನೋಡಬೇಡ. ... ನಿಮ್ಮಮ್ಮನ ಕೈ ಮೇಲಿನ ಗಾಯದ ಗುರುತಾ? ಹೌದು, ಅದೇ ದಿನದ್ದು. ರೊಟ್ಟಿ ಒಲೆ ತಾಗಿದ್ದು ಅಂತ ಹೇಳಿದ್ದಳಾ ನಿನಗೆ? ... ನೋಡಿದ್ಯಾ. ಹಾಕಿದ ಆಣೆನ ಸಾಯೋವರೆಗೂ ಉಳಿಸಿಕೊಂಡಳು. ಅಂಥವಳ ಮೇಲೆ ನಾನು...

... ಹೇಳಿದೆ ಫೆಬ್ರೋನ್ಯಾ. ಕೇಳಿಸ್ತಾ? ... ಅಳ್ತಿದಾನೆ ಮಗಳೇ. ಕಲ್ಲಿನ ಮೇಲೆ ತಲೆಯಿಟ್ಟು ಅಳ್ತಿದಾನೆ. ... ಇರು, ಅವನಿಗೇ ಕೊಡ್ತೀನಿ. ... ಮಾತಾಡಿದ್ಯಾ ಮಲ್ಕೆ? ನನಗೆ ಕೊಡು ಅಂದಳಾ? ತಾ.

... ಯಾರು? ನಿಸಾನೆ! ಬಂದೆಯಾ? ... ಹಾಂ. ... ಟಿಕೆಟ್ ರದ್ದು ಮಾಡಲ್ಲ. ಮಲ್ಕೆ ಮನೆಗೆ ಬರ್ತೀರಿ, ನನ್ನ ಮನೆಗಲ್ಲ. ... ಸರಿ. ... ಜ್ಞಾನತಾಯಿ ಅಂತ ಹೇಳ್ಕೊಂಡು ಹುಡುಗಿ ಪಕ್ಕ ನಾನು ನಿಲ್ಲಬಾರದು. ಇಲ್ಲ, ನಿಲ್ಲಲ್ಲ. ಹಿಂದೆ ಎಲ್ಲೋ ಬಾಗಿಲ ಹತ್ರ ಕೂತು... ಅದೂ ಬೇಡವಾ. ಸರಿ ನಿಸಾನೆ. ಅದೂ ಬೇಡ.

... ಒಂದು ಗಳಿಗೆ, ಇಡಬೇಡ. ಬರ್ಸೌಮ ಬಂದುಬಿಟ್ಟ. ಇಲ್ಲೇ ಬಾಗಿಲಲ್ಲಿ ನಿಂತಿದಾನೆ, ಮಲ್ಕೆನ ನೋಡ್ತಿದಾನೆ, ನನ್ನ ನೋಡ್ತಿದಾನೆ. "ಏನಾಯ್ತಮ್ಮ" ಅಂತಿದಾನೆ. ... ನಾನು ಇವನಿಗೆ ಏನಂತ ಹೇಳ್ಲಿ? ಯಾವ ಮಾತಿಂದ ಶುರು ಮಾಡ್ಲಿ? ನಿನ್ನ ಬಿಟ್ಟು ನಾನು ಯಾರನ್ನ ಕೇಳ್ಲಿ ಹೇಳು? ... ನಿಸಾನೆ? ... ಹಲೋ? ... ಹಲೋ?