ಸೂಟ್‌ಕೇಸಿಗೆ ಹಾಕಿದ ಹೊಲಿಗೆ

ರೈಲು ನಿಲ್ದಾಣದ ಬೆಂಚಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಷ್ಟರು ತಲೆ ಎತ್ತಲಿಲ್ಲ, ಕಿವಿಯನ್ನಷ್ಟೇ ಪಕ್ಕಕ್ಕೆ ಕೊಟ್ಟರು. ಅಲ್ಲಿ ವಯಸ್ಸಾದ ದರ್ಜಿ, ಅವನ ಹೆಂಡತಿ. ನಡುವೆ ದಪ್ಪ ಬಟ್ಟೆಯೊಳಗೆ ಹಾಕಿ ಸುತ್ತಲೂ ಹೊಲಿದುಬಿಟ್ಟಿದ್ದ ಸೂಟ್‌ಕೇಸು.

“ಒಂದು ಬೀಗ ಹಾಕಿದ್ರೆ ಸಾಕಿತ್ತಲ್ರೀ.”

“ಬೀಗ ಯಾರು ಬೇಕಾದ್ರೂ ಒಡೀತಾರೆ. ನನ್ನ ಕೈಹೊಲಿಗೆ ಬಿಚ್ಚೋ ಕಳ್ಳ ಇನ್ನೂ ಹುಟ್ಟಿಲ್ಲ ಕಣೇ.”

“ಅದೇನೋ ನಿಜ. ಟಿಕೆಟ್ ಎಲ್ಲಿಟ್ರಿ?”

“ಭದ್ರವಾಗಿದೆ.”

“ಎಲ್ಲಿ ಅಂತ ಕೇಳಿದೆ.”

ದರ್ಜಿ ಸೂಟ್‌ಕೇಸನ್ನು ಮೆಲ್ಲಗೆ ತಟ್ಟಿದ.

“ಸರಿಹೋಯ್ತು. ಕತ್ತರಿ ತೆಗೀರಿ.”

“ಅದೂ ಒಳಗೇ ಇದೆ. ಒಳ್ಳೇ ಕತ್ತರಿ, ಯಾರಾದ್ರೂ ಹೊಡೆದುಬಿಟ್ರೆ ಅಂತ…”

“ಹಾಗಾದ್ರೆ ಹಲ್ಲಲ್ಲಿ ಕಚ್ಚಿ ಬಿಡಿಸಿ. ಅಂಗಡೀಲಿ ದಾರ ಕಡಿಯೋದು ಹಾಗೇ ತಾನೆ?”

“ಹಲ್ಲಿನ ಸೆಟ್ಟನ್ನ ಒಳಗಿಟ್ಟಿದ್ದು ಯಾರು?”

ಹೆಂಡತಿ ಹಳಿಗಳ ಕಡೆ ಮುಖ ತಿರುಗಿಸಿದಳು.

“ನಿದ್ದೆಗಣ್ಣಲ್ಲಿ ನುಂಗಿಬಿಟ್ಟೀರಿ ಅಂತ ನಾನೇ ಇಟ್ಟೆ.”

ಅಷ್ಟರಲ್ಲಿ ರೈಲು ಬಂತು. ಸೂಟ್‌ಕೇಸಿನ ಒಂದು ತುದಿ ಅವಳು ಎತ್ತಿದಳು, ಇನ್ನೊಂದು ಅವನು. ಮೇಷ್ಟರಿಗೆ ಕೇಳಿಸಿದ್ದು ಅವಳ ಕೊನೆಯ ಮಾತು.

“ಕಳ್ಳ ಗಿಳ್ಳ ಬಂದ್ರೆ ಕೂಗಾಡಬೇಡಿ, ನಿದ್ದೆ ಬಂದ ಹಾಗೆ ಮಲಗಿ. ಟಿಸಿ ಬರೋದರೊಳಗೆ ಅವನಾದ್ರೂ ಬಿಚ್ಚಲಿ.”